ಘಾಟೀಮಾರ್ಗ ಮೀಮಾಂಸೆ

‘ಆಗುಂಬೆ ರಸ್ತೆ ಹೇಗಿದೆ?’ ಎಂಬ ಪ್ರಶ್ನೆಗೆ ಲೋಕದಲ್ಲಿ ದ್ವಿವಿಧ ಉತ್ತರ ದೃಷ್ಟವಾಗಿದೆ. ಆಷಾಢದಲ್ಲಿ ಕೇಳಿದರೆ ಹೊಂಡಗಳ ವಿವರ ಬರುತ್ತದೆ. ಮಾರ್ಗಶಿರದಲ್ಲಿ ಕೇಳಿದರೆ ಸೂರ್ಯಾಸ್ತದ ವರ್ಣನೆ ಬರುತ್ತದೆ. ‘ರಸ್ತೆ ಚೆನ್ನಾಗಿದೆ’ ಎಂಬ ಒಂದೇ ವಾಕ್ಯವು ಒಮ್ಮೆ ಡಾಂಬರಿನ ಗುಣವನ್ನೂ ಮತ್ತೊಮ್ಮೆ ಡಾಂಬರಿನ ಆಚೆಗಿರುವ ಕಣಿವೆಯ ಗುಣವನ್ನೂ ಬೋಧಿಸುವುದರಿಂದ ಸಂಶಯ ಉತ್ಪನ್ನವಾಗುತ್ತದೆ. ರಮ್ಯತೆ ಎಂಬ ಧರ್ಮ ಗಿರಿಯಲ್ಲಿ ಆಶ್ರಿತವೋ, ನೋಡುವವನಲ್ಲಿ ಆಶ್ರಿತವೋ, ಅಥವಾ ಮಾರ್ಗದಲ್ಲಿಯೇ ಆಶ್ರಿತವೋ? ಸಹ್ಯಾದ್ರಿಯ ಘಾಟಿಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಸಂಶಯವು ಇಲ್ಲಿ ಪರೀಕ್ಷಿತವಾಗುತ್ತದೆ.

ವಿಚಾರದ ಆರಂಭವನ್ನೇ ಆಕ್ಷೇಪಿಸುವವರಿದ್ದಾರೆ. ಕಾಗೆಗೆ ಎಷ್ಟು ಹಲ್ಲು ಎಂದು ಎಣಿಸುವಂತೆ ಇದೂ ನಿಷ್ಫಲ ಪರೀಕ್ಷೆ, ಕಾರು ಹತ್ತಿದವನು ನೋಡುತ್ತಾನೆ, ಸಂತೋಷಪಡುತ್ತಾನೆ, ಇಳಿಯುತ್ತಾನೆ, ಲಕ್ಷಣದಿಂದ ಅವನಿಗೇನು? ಇದು ಸಾಧುವಲ್ಲ. ಘಾಟಿಯನ್ನು ಅಗಲಗೊಳಿಸುವವರು, ರಾತ್ರಿಸಂಚಾರವನ್ನು ನಿಷೇಧಿಸುವವರು, ತಿರುವಿನಲ್ಲಿ ವೀಕ್ಷಣಾಕಟ್ಟೆ ಕಟ್ಟುವವರು, ಇವರೆಲ್ಲರೂ ಮನಸ್ಸಿನಲ್ಲಿ ಒಂದು ಲಕ್ಷಣವನ್ನು ಇಟ್ಟುಕೊಂಡೇ ಪ್ರವರ್ತಿಸುತ್ತಾರೆ. ಅಪರೀಕ್ಷಿತ ಲಕ್ಷಣದಿಂದ ಪ್ರವರ್ತಿಸಿದವನ ಕೈಯಲ್ಲಿ ಜೆಸಿಬಿ ಇದ್ದರೆ ಪರೀಕ್ಷೆಯ ಪ್ರಯೋಜನವು ಸ್ವತಃಸಿದ್ಧ.

ಮೊದಲು ಸಂಜ್ಞೆಗಳ ನಿರ್ಣಯ. ‘ಘಟ್ಟ’ ಎಂದರೆ ಶ್ರೇಣಿ. ‘ಘಾಟಿ’ ಎಂದರೆ ಆ ಶ್ರೇಣಿಯನ್ನು ಏರಿಳಿಯುವ ದಾರಿ. ‘ಘಟ್ಟದ ಮೇಲಿನವರು’, ‘ಘಟ್ಟದ ಕೆಳಗಿನವರು’ ಎಂಬ ಪ್ರಯೋಗಗಳಲ್ಲಿ ಘಟ್ಟವು ಶಿಖರವನ್ನಲ್ಲ, ಮೇರೆಯನ್ನು ಸೂಚಿಸುತ್ತದೆ ಎಂಬುದು ಗಮನಾರ್ಹ. ಲೋಕಭಾಷೆಯ ಈ ಪ್ರಯೋಗ ಭೂವಿಜ್ಞಾನಕ್ಕೆ ಅನುಗುಣವಾಗಿಯೇ ಇದೆ. ಹಿಮಾಲಯದಂತೆ ಪದರಗಳು ಮಡಿಸಿಕೊಂಡು ಮೇಲೆದ್ದ ಪರ್ವತ ಇದಲ್ಲ. ದಖನ್ ಪ್ರಸ್ಥಭೂಮಿಯ ಕಡಿದಾದ ಪಶ್ಚಿಮದ ಅಂಚು. ಆದಕಾರಣ ಸಹ್ಯಾದ್ರಿಯು ಪಡುವಣದಿಂದ ನೋಡಿದರೆ ಗೋಡೆ, ಮೂಡಣದಿಂದ ಬಂದರೆ ಬಹುತೇಕ ಏನೂ ಅಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಬರುವವನಿಗೆ ಅಡಿಕೆತೋಟ, ಗದ್ದೆ, ಕಾಡು, ಮತ್ತೆ ಗದ್ದೆ ಎಂಬ ಸಾಮಾನ್ಯ ಕ್ರಮವೇ ಕಾಣುತ್ತದೆ; ಬೆಟ್ಟ ಹತ್ತಿದ ಅನುಭವವಿಲ್ಲದೆಯೇ ಒಂದು ತಿರುವಿನಲ್ಲಿ ನೆಲ ಮುಗಿದು ಕರಾವಳಿ ಕೆಳಗೆ ಬಿದ್ದಿರುತ್ತದೆ.

ಈಗ ಲಕ್ಷಣ. ಅರಣ್ಯಾವೃತವಾದ ಗಿರಿಶ್ರೇಣಿಯನ್ನು ಲಂಘಿಸುವ, ಗಿರಿಯ ಆಕಾರಕ್ಕೆ ಶೇಷವಾದ ಗತಿಯುಳ್ಳ, ಆ ಶೇಷತ್ವದಿಂದಲೇ ದೃಶ್ಯವನ್ನು ಕ್ರಮವಾಗಿ ತೆರೆದು ಮುಚ್ಚುವ ವಾಹನಮಾರ್ಗವೇ ರಮ್ಯಘಾಟಿ.

ಪ್ರತಿಯೊಂದು ಪದದ ಕೃತ್ಯ ಹೀಗೆ. ‘ಅರಣ್ಯಾವೃತ’ ಎಂಬುದು ಬೋಳುಬಂಡೆಯ ಮೇಲೆ ಸುತ್ತಿ ಹೋಗುವ ಹಾದಿಗಳ ನಿವಾರಣೆಗಾಗಿ. ‘ಲಂಘಿಸುವ’ ಎಂಬುದು ನಂದಿಬೆಟ್ಟ, ಚಾಮುಂಡಿಬೆಟ್ಟಗಳ ರಸ್ತೆಗಳಲ್ಲಿ ಅತಿವ್ಯಾಪ್ತಿಯಾಗದಿರಲೆಂದು; ಅವು ತುದಿ ಮುಟ್ಟಿ ಹಿಂದಿರುಗುತ್ತವೆ, ಒಂದು ಸೀಮೆಯಿಂದ ಇನ್ನೊಂದಕ್ಕೆ ದಾಟಿಸುವುದಿಲ್ಲ. ‘ಗಿರಿಯ ಆಕಾರಕ್ಕೆ ಶೇಷವಾದ’ ಎಂಬುದು ಲಕ್ಷಣದ ಪ್ರಾಣ. ಅದರ ವಿಚಾರ ಮುಂದೆ. ‘ಆ ಶೇಷತ್ವದಿಂದಲೇ’ ಎಂಬ ಅವಧಾರಣೆ ಏಕೆ? ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. ಅಲ್ಲಿಯೂ ದೃಶ್ಯ ತೆರೆಯುತ್ತದೆ, ಮುಚ್ಚುತ್ತದೆ. ಆದರೆ ಆ ಮುಚ್ಚುವಿಕೆ ಗಿರಿಯನ್ನು ಅನುಸರಿಸಿದ್ದರ ಫಲವಲ್ಲ, ಗಿರಿಯನ್ನು ಕೊರೆದಿದ್ದರ ಫಲ. ಅದು ರಮ್ಯವಲ್ಲವೆಂದಲ್ಲ, ಬೇರೊಂದು ಜಾತಿಯ ರಮ್ಯ.

ಅವ್ಯಾಪ್ತಿಯ ಶಂಕೆ ಉಂಟು. ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರ್ ಎತ್ತರವಿದ್ದು ಕರ್ನಾಟಕದ ಅತ್ಯುನ್ನತ ಶಿಖರ. ಅದರ ರಸ್ತೆ ಹತ್ತಿ ಹಿಂದಿರುಗುವಂಥದು. ಅದನ್ನು ಬಿಟ್ಟ ಲಕ್ಷಣ ದುಷ್ಟವಲ್ಲವೇ? ಅಲ್ಲ. ಅದು ಶಿಖರಮಾರ್ಗ; ಅಲ್ಲಿ ಗಮ್ಯವೇ ಪ್ರಧಾನ, ಮಾರ್ಗ ಅದರ ಅಂಗ. ಘಾಟಿಯಲ್ಲಿ ಗಮ್ಯವು ಮಂಗಳೂರೋ ಮೂಡಿಗೆರೆಯೋ ಆಗಿದ್ದು ದೃಶ್ಯದೊಡನೆ ಸಂಬಂಧವಿಲ್ಲದ್ದು. ಹಾಗೆಯೇ ಗುಂಡ್ಲುಪೇಟೆಯಿಂದ ಬಂಡೀಪುರದ ನಡುವೆ ಹಾಯುವ ಹೆದ್ದಾರಿ ಅರಣ್ಯಮಾರ್ಗವೇ ಹೊರತು ಆ ಭಾಗದಲ್ಲಿ ಘಾಟಿಯಲ್ಲ. ಅದೇ ದಾರಿಯಿಂದ ಮುಂದೆ ಕವಲೊಡೆಯುವ ಹಾದಿಯಲ್ಲಿ ಮಸಿನಗುಡಿಯಿಂದ ಉದಕಮಂಡಲಕ್ಕೆ 36 ಹೇರ್‌ಪಿನ್ ತಿರುವುಗಳಲ್ಲಿ ಏರುವ ಕಲ್ಲಟ್ಟಿಯ ಭಾಗ ಘಾಟಿಯೇ. ಒಂದೇ ಪ್ರಯಾಣದೊಳಗೆ ಎರಡು ಜಾತಿಗಳು ಸೇರಬಹುದು. ಅದರಿಂದ ಜಾತಿಸಂಕರ ದೋಷ ಬರುವುದಿಲ್ಲ.

ಶೇಷತ್ವದ ವಿಚಾರ. ಪರಾರ್ಥವಾದುದು ಶೇಷ ಎಂಬುದು ಜೈಮಿನೀಯ ತಂತ್ರದ ಮೂರನೆಯ ಅಧ್ಯಾಯದ ನಿರ್ಣಯ. ಇಲ್ಲಿ ಆಕ್ಷೇಪ: ಮಾರ್ಗವು ಗಿರಿಗಾಗಿ ಇಲ್ಲ, ಪಥಿಕನಿಗಾಗಿ ಇದೆ, ಗಿರಿಗೆ ಶೇಷ ಎನ್ನುವುದು ಹೇಗೆ? ಸಮಾಧಾನ: ಪ್ರಯೋಜನದಲ್ಲಿ ಮಾರ್ಗವು ಪಥಿಕನಿಗೆ ಶೇಷ, ಆಕಾರದಲ್ಲಿ ಗಿರಿಗೆ ಶೇಷ. ಕೊಡಲಿಯ ಹಿಡಿಯು ಕಡಿಯುವವನ ಪ್ರಯೋಜನಕ್ಕಾಗಿದ್ದರೂ ಅದರ ಬಾಗು ಮರದ ನಾರಿಗೆ ಒಪ್ಪಿಕೊಂಡಿರುತ್ತದೆ. ಎಲ್ಲಿ ಬಂಡೆ ಅಡ್ಡವಿತ್ತೋ ಅಲ್ಲಿ ರಸ್ತೆ ಸುತ್ತಿತು, ಎಲ್ಲಿ ಹಳ್ಳ ಹರಿಯಿತೋ ಅಲ್ಲಿ ಒಳಕ್ಕೆ ಸರಿದು ಮೋರಿ ದಾಟಿತು, ಎಲ್ಲಿ ಏರು ಸಾಧ್ಯವಾಗಲಿಲ್ಲವೋ ಅಲ್ಲಿ ಹಿಂದಕ್ಕೆ ತಿರುಗಿತು. ಈ ಒಪ್ಪಿಕೊಳ್ಳುವಿಕೆಯೇ ಶೇಷತ್ವ.

ಈ ಶೇಷತ್ವದ ರೀತಿಯನ್ನು ಅನುಸರಿಸಿಯೇ ಘಾಟಿಗಳ ವಿಭಾಗ. ನದಿಯನ್ನು ಅನುಸರಿಸುವುದು ನದ್ಯನುಸಾರಿ. ಕೆಂಪುಹೊಳೆಯ ಪಕ್ಕದಲ್ಲಿ ಮಾರನಹಳ್ಳಿಯಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿಯೂ, ಪಯಸ್ವಿನಿಯ ಕಣಿವೆಯಲ್ಲಿ ಮಡಿಕೇರಿಯಿಂದ ಸುಳ್ಯದತ್ತ ಸಾಗುವ ಸಂಪಾಜೆಯೂ ಇದಕ್ಕೆ ಉದಾಹರಣೆ. ಇಲ್ಲಿ ನೋಟ ದೂರವಲ್ಲ. ಹೊಳೆ, ಎದುರು ದಡದ ಕಾಡು, ತಲೆಯ ಮೇಲೆ ತುಂಡು ಆಕಾಶ. ಶ್ರೇಣಿಯ ಪಕ್ಕೆಯ ಮೇಲೆ ಉದ್ದಕ್ಕೆ ಸಾಗುತ್ತ ಎತ್ತರ ಗಳಿಸುವುದು ಸಾನುಚಾರಿ. ಬೆಳ್ತಂಗಡಿಯ ಕಡೆಯಿಂದ ಕೊಟ್ಟಿಗೆಹಾರಕ್ಕೆ ಏರುವ ಚಾರ್ಮಾಡಿಯಲ್ಲಿ ಈ ಗುಣ ಪ್ರಧಾನ, ಮಳೆಗಾಲದಲ್ಲಿ ಒಂದು ಬದಿಯ ಧರೆಯಿಂದ ಜಲಪಾತಗಳು ರಸ್ತೆಗೇ ಸುರಿಯುತ್ತವೆ. ಬೆನ್ನಿನ ಮೇಲೆ ನಡೆಯುವುದು ಪೃಷ್ಠಚಾರಿ; ಮಾಳದಿಂದ ಏರಿ ಎಸ್.ಕೆ. ಬಾರ್ಡರ್ ಮೂಲಕ ಕುದುರೆಮುಖದತ್ತ ಸಾಗುವ ದಾರಿಯ ಮೇಲ್ಭಾಗ ಅಂಥದು. ಅಲ್ಲಿ ಹುಲ್ಲುಹಾಸಿನ ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಶೋಲಾಕಾಡು ಅಡಗಿರುವುದರಿಂದ ‘ಅರಣ್ಯಾವೃತ’ ಪದವು ಅಲ್ಲಿ ಕೊಂಚ ಸಡಿಲವಾಗಿ ಅನ್ವಯಿಸುತ್ತದೆಂದು ಒಪ್ಪಬೇಕು. ದೇವಿಮನೆ, ಅರಬೈಲು, ಮಾಕುಟ್ಟಗಳನ್ನು ಇವೇ ವರ್ಗಗಳಲ್ಲಿ ಯಥಾಯೋಗ್ಯ ಸೇರಿಸಿಕೊಳ್ಳಬಹುದು.

ನಾಲ್ಕನೆಯದು ಭಿತ್ತ್ಯಾರೋಹಿ, ಎಂದರೆ ಗೋಡೆಯನ್ನೇ ಹತ್ತುವುದು. ಇದರ ಪ್ರಕೃತಿ, ಎಂದರೆ ಮೂಲಮಾದರಿ, ಆಗುಂಬೆ; ಈ ವರ್ಗದ ಉಳಿದವು ಅದನ್ನು ಅನುಸರಿಸುವ ವಿಕೃತಿಗಳು. ಕೆಳಗೆ ಸೋಮೇಶ್ವರ, ಮೇಲೆ ಆಗುಂಬೆ, ನಡುವೆ 14 ಹೇರ್‌ಪಿನ್ ತಿರುವುಗಳು. ದೊಡ್ಡ ಬಸ್ಸು, ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಮಿನಿ ಬಸ್ಸುಗಳೇ ಜನರ ವಾಹನ. ಒಂದು ತಿರುವನ್ನು ಸಮೀಪದಿಂದ ಪರಿಶೀಲಿಸಬಹುದು. ಏರುತ್ತಿರುವ ಮಿನಿ ಬಸ್ಸು ಮೊದಲ ಗೇರಿಗೆ ಇಳಿದು, ಉದ್ದಕ್ಕೆ ಹಾರನ್ ಹೊಡೆದು, ಹೊರಗಿನ ಅಂಚಿನವರೆಗೂ ಸರಿದು ಮೂತಿಯನ್ನು ತಿರುಗಿಸುತ್ತದೆ. ಮೇಲಿನಿಂದ ಬಂದ ಕಾರು ತಿರುವಿನ ತಲೆಯಲ್ಲೇ ನಿಂತಿರುತ್ತದೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಬಸ್ಸಿನ ಮೈಗೆ ಅಂಗೈಯಿಂದ ಬಡಿಯುತ್ತಾನೆ: ಬರ್ಲಿ, ಬರ್ಲಿ, ರೈಟ್. ಆ ಕ್ಷಣದಲ್ಲಿ ಎಡಕಿಟಕಿಯವರಿಗೆ ಜಿನುಗುವ ಧರೆಯೂ ಜರಿಗಿಡವೂ ಮೊಳದಂತರದಲ್ಲಿ ಕಾಣುತ್ತವೆ. ತಿರುವು ಮುಗಿದೊಡನೆ ಅದೇ ಎಡಕಿಟಕಿಗೆ ಧರೆ ಹೋಗಿ ಕಣಿವೆ ಬರುತ್ತದೆ. ಹದಿನಾಲ್ಕು ಬಾರಿ ಕಣಿವೆಯೂ ಧರೆಯೂ ಬದಿ ಬದಲಿಸುತ್ತವೆ. ಬೈನೆಮರದ ತುದಿ ಒಮ್ಮೆ ಕಣ್ಣಿಗೆ ಸಮನಾಗಿರುತ್ತದೆ, ಎರಡು ತಿರುವು ಮೇಲೇರಿದ ಮೇಲೆ ಅದೇ ಮರ ಕೆಳಗಿನ ಹಸಿರಿನಲ್ಲಿ ಒಂದು ಚುಕ್ಕೆ. ಲಕ್ಷಣದಲ್ಲಿ ‘ಕ್ರಮವಾಗಿ ತೆರೆದು ಮುಚ್ಚುವ’ ಎಂದದ್ದು ಇದನ್ನೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಮಂಜು ಮುಚ್ಚುವ ದಿನಗಳೇ ಅಧಿಕ. ಮಂಜು ದೃಶ್ಯದ ಅಭಾವವಲ್ಲ, ಮುಚ್ಚುವಿಕೆಯ ಪರಾಕಾಷ್ಠೆ ಎಂಬುದು ಮಲೆನಾಡಿಗರ ಪಕ್ಷ. ಪೂರ್ತಿ ಒಪ್ಪಲಾಗದಿದ್ದರೂ ತಳ್ಳಿಹಾಕುವಂಥದಲ್ಲ.

ಬಿಸಿಲೆಯ ಸ್ಥಾನ ಪ್ರತ್ಯೇಕ. ಸಕಲೇಶಪುರದ ಕಡೆಯಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಈ ದಾರಿಯ ಮಂಕನಹಳ್ಳಿಯ ಬಳಿ ನೀರು ಇಬ್ಭಾಗವಾಗುವ ಏಣನ್ನು ಸೂಚಿಸುವ ಕಲ್ಲೊಂದಿದೆ. ಅದರ ಒಂದು ಬದಿಗೆ ಬಿದ್ದ ಹನಿ ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ. ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳಕೊಲ್ಲಿಗೆ. ಘಾಟಿಯ ಆರಂಭವೆಲ್ಲಿ ಎಂಬ ವಿವಾದಕ್ಕೆ ಇಂಥ ಸ್ಥಳವೇ ನಿರ್ಣಾಯಕ. ಮೊದಲ ತಿರುವು ಆರಂಭವೆಂದು ಚಾಲಕರೂ, ತನಿಖಾ ಠಾಣೆ ಆರಂಭವೆಂದು ಅರಣ್ಯದವರೂ, ಕಿಲೋಮೀಟರ್ ಕಲ್ಲು ಆರಂಭವೆಂದು ಲೋಕೋಪಯೋಗಿಯವರೂ ಹೇಳುತ್ತಾರೆ. ನೀರು ತಿರುಗುವಲ್ಲಿ ಘಾಟಿ ಆರಂಭ ಎಂಬುದು ಸಿದ್ಧಾಂತ. ಏಕೆಂದರೆ ಅಲ್ಲಿಯವರೆಗೆ ರಸ್ತೆ ಹರಿವಿಗೆ ಎದುರಾಗಿದ್ದು ಆಮೇಲೆ ಹರಿವಿನ ಜೊತೆ ಇಳಿಯುತ್ತದೆ.

ಆರೋಹ, ಅವರೋಹಗಳಲ್ಲಿ ಮಾರ್ಗ ಒಂದೋ ಎರಡೋ? ಡಾಂಬರು ಒಂದೇ ಆದುದರಿಂದ ಒಂದು ಎಂದು ತೋರಿದರೂ ಫಲಭೇದವಿದೆ. ಏರುವವನಿಗೆ ಕರಾವಳಿ ಬೆನ್ನ ಹಿಂದೆ, ಇಳಿಯುವವನಿಗೆ ಮುಖದ ಮುಂದೆ. ಏರುವಾಗ ಸೆಕೆ ಕಳೆದು ಚಳಿ ಹತ್ತುತ್ತದೆ, ಇಳಿಯುವಾಗ ಕಿವಿ ಮುಚ್ಚಿ ಬೆವರು ಬರುತ್ತದೆ. ಆದುದರಿಂದ ವಸ್ತು ಒಂದು, ಪ್ರಯೋಗ ಎರಡು. ಹೆಸರಿನ ಭೇದದಿಂದ ಮಾತ್ರ ಮಾರ್ಗಭೇದ ಕಲ್ಪಿಸಬಾರದು. ಹೊಸಂಗಡಿಯಿಂದ ಏರುವ ಒಂದೇ ಘಾಟಿಗೆ ಬಾಳೆಬರೆ ಎಂದೂ ಹುಲಿಕಲ್ ಎಂದೂ ಹೆಸರು. ಶಿರಾಡಿಯ ರಾಷ್ಟ್ರೀಯ ಹೆದ್ದಾರಿ ಮೊದಲು 48, ಈಗ 75. ಚಾರ್ಮಾಡಿಯದು 234 ಇದ್ದದ್ದು 73. ಸಂಖ್ಯೆ ಬದಲಾದ ದಿನ ಒಂದು ಹೊಂಡವೂ ಮುಚ್ಚಲಿಲ್ಲ.

ಇನ್ನು ಪ್ರಧಾನ ಪೂರ್ವಪಕ್ಷಗಳು. ರಮ್ಯತೆ ನೋಡುವವನ ಚಿತ್ತಧರ್ಮ, ಮಾರ್ಗಧರ್ಮವಲ್ಲ. ಬೆಂಗಳೂರಿನಿಂದ ಬಂದವನು ಮೈಮರೆಯುವ ತಿರುವಿನಲ್ಲೇ ಬುಲೆಟ್ ಟ್ಯಾಂಕರಿನ ಚಾಲಕ ಬೆವರುತ್ತಾನೆ. ಒಬ್ಬನಿಗೆ ಇದ್ದು ಇನ್ನೊಬ್ಬನಿಗೆ ಇಲ್ಲದ್ದು ವಸ್ತುವಿನ ಗುಣವಾಗದು, ಎಂಬುದು ಮೊದಲನೆಯದು. ಸಮಾಧಾನ: ಇಬ್ಬರ ಪ್ರತಿಕ್ರಿಯೆ ಬೇರೆ, ಪ್ರತಿಕ್ರಿಯೆಯ ಕಾರಣ ಒಂದೇ. ಗಿರಿಯ ಮುಂದೆ ಗತಿ ತಗ್ಗಬೇಕಾದ್ದು ಇಬ್ಬರಿಗೂ ಸಮಾನ. ಒಬ್ಬನಲ್ಲಿ ಅದು ವಿಸ್ಮಯವಾಗುತ್ತದೆ, ಇನ್ನೊಬ್ಬನಲ್ಲಿ ಭಯವಾಗುತ್ತದೆ. ಹುಲಿಕಲ್‌ನ ಚಂಡಿಕಾಂಬಾ ಗುಡಿಯ ಮುಂದೆ ವಾಹನ ನಿಲ್ಲಿಸಿ, ಕೈಮುಗಿದು ಕಾಣಿಕೆ ಹಾಕಿ, ಆಮೇಲೆ ಸ್ಟಿಯರಿಂಗ್ ಹಿಡಿಯುವ ಚಾಲಕನಿಗೆ ರಮ್ಯತೆ ಗೋಚರಿಸಿಲ್ಲ ಎನ್ನುವವನು ರಮ್ಯತೆಯನ್ನು ಫೋಟೋ ಎಂದು ತಿಳಿದವನು.

ಎರಡನೆಯದು ಹೆಚ್ಚು ಬಲವುಳ್ಳದ್ದು. ಚಾಲಕನು ದೃಶ್ಯವನ್ನು ನೋಡಿದರೆ ಪ್ರಪಾತ, ನೋಡದಿದ್ದರೆ ಅವನಿಗೆ ಈ ಮಾರ್ಗ ರಮ್ಯವೇ ಅಲ್ಲ. ಆದ್ದರಿಂದ ರಮ್ಯವಾದ ವಾಹನಚಾಲನೆ ಎಂಬುದು ವದತೋವ್ಯಾಘಾತ, ಹಿಂದಿನ ಸೀಟಿನವರಿಗೆ ಮಾತ್ರ ಸಲ್ಲುವ ಮಾತು. ಇಲ್ಲಿ ಮೀಮಾಂಸಕರ ಒಂದು ಪ್ರಸಿದ್ಧ ವಿಭಾಗ ಉಪಕಾರಿ. ಉದಯಿಸುವ, ಅಸ್ತಮಿಸುವ ಸೂರ್ಯನನ್ನು ನೋಡಬಾರದೆಂಬ ಪ್ರಜಾಪತಿವ್ರತದ ವಾಕ್ಯದಲ್ಲಿ ನಕಾರವು ಕೇವಲ ನಿಷೇಧವಲ್ಲ, ನೋಡದಿರುವ ಸಂಕಲ್ಪವನ್ನು ವಿಧಿಸುವ ಪರ್ಯುದಾಸ ಎಂಬುದು ಅವರ ನಿರ್ಣಯ. ಸಂಜೆ ಆರರ ಹೊತ್ತಿಗೆ ಆಗುಂಬೆ ಇಳಿಯುವ ಚಾಲಕನ ಸ್ಥಿತಿ ಅಕ್ಷರಶಃ ಇದೇ. ಅವನು ಅಸ್ತಮಿಸುವ ಸೂರ್ಯನನ್ನು ನೋಡುತ್ತಿಲ್ಲ. ಆದರೆ ಆ ನೋಡದಿರುವಿಕೆ ಅಭಾವವಲ್ಲ, ಪ್ರಯತ್ನಸಾಧ್ಯವಾದ ಕರ್ಮ. ಅವನ ರಸಾಸ್ವಾದ ಕಣ್ಣಿನದಲ್ಲ, ಗತಿಯದು: ಕ್ಲಚ್ಚಿನ ಮೇಲಿನ ಪಾದ, ಏರಿಗೆ ಬದಲಾಗುವ ಎಂಜಿನ್ನಿನ ದನಿ, ತಿರುವಿನಲ್ಲಿ ಹೊರಕ್ಕೆ ಎಳೆಯುವ ಮೈ. ಗಿರಿಯ ಆಕಾರವನ್ನು ಅವನು ಕೈಗಳಿಂದ ಓದುತ್ತಾನೆ.

ಇದರಿಂದಲೇ ಚಾಲನೆಯ ವಿಧಿಗಳೂ ಸಿದ್ಧಿಸುತ್ತವೆ. ಇಕ್ಕಟ್ಟಿನಲ್ಲಿ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಲೋಕಾಚಾರ ಮಾತ್ರವಲ್ಲ, ರಸ್ತೆ ನಿಯಮಗಳಲ್ಲಿಯೂ ವಿಹಿತ. ಏರಲು ಬೇಕಾಗುವ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ನಿಷಿದ್ಧ. ಇದು ದೃಷ್ಟಫಲದ ನಿಷೇಧ: ಇಳಿಜಾರಿನಲ್ಲಿ ವೇಗವನ್ನೆಲ್ಲ ಬ್ರೇಕಿಗೇ ಹೊರಿಸಿದರೆ ಲೈನಿಂಗ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದ ಮೇಲೆ ಶಾಸ್ತ್ರಾರ್ಥ ಹುಡುಕುವುದು ವ್ಯರ್ಥ.

ಅಂಗಗಳು ಎರಡು ಬಗೆ. ತಡೆಗೋಡೆ, ತಿರುವಿನ ಕನ್ನಡಿ, ಒಳಬದಿಯ ಚರಂಡಿ ಇವು ಸಾಕ್ಷಾತ್ತಾಗಿ ಮಾರ್ಗದ ಸ್ವರೂಪಕ್ಕೇ ಒದಗುವುದರಿಂದ ಸನ್ನಿಪತ್ಯೋಪಕಾರಕ. ಚಾರ್ಮಾಡಿ ಹತ್ತಿದವರು ಕೊಟ್ಟಿಗೆಹಾರದಲ್ಲಿ ತಿನ್ನುವ ನೀರುದೋಸೆ ಆರಾದುಪಕಾರಕ. ಮಾರ್ಗಕ್ಕೆ ಏನನ್ನೂ ಮಾಡದೆ ಫಲಕ್ಕೆ ನೆರವಾಗುತ್ತದೆ. ಅದನ್ನು ಲೋಪಿಸಿದರೆ ಪ್ರಯಾಣ ಕೆಡುವುದಿಲ್ಲವಾದರೂ ವೈಗುಣ್ಯ ಬರುತ್ತದೆಂದು ಅನುಭವಿಗಳು.

ಮೂರನೆಯ ಪೂರ್ವಪಕ್ಷ ಅರಣ್ಯಪಕ್ಷಪಾತಿಗಳದು. ಕಾಡಿನೊಳಗಿನ ರಸ್ತೆ ಸ್ವರೂಪತಃ ಹಿಂಸೆ, ಸಿಂಗಳೀಕವು ಕೊಂಬೆಯಿಂದ ಕೊಂಬೆಗೆ ಹೋಗುವ ಮೇಲ್ಚಾವಣಿಯನ್ನು ಅದು ಸೀಳುತ್ತದೆ, ಹಾವು ಕಪ್ಪೆಗಳನ್ನು ಅರೆಯುತ್ತದೆ, ಹಿಂಸೆಯು ರಮ್ಯವಾಗದು. ಇದರಲ್ಲಿ ಸತ್ಯಾಂಶವಿದೆಯೆಂದೇ ನಿಷೇಧಗಳು ಬಂದಿವೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರನಿಷೇಧ; 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಹಾಗೂ ಮಿತಸಂಖ್ಯೆಯ ಬಸ್ಸುಗಳಿಗೆ ಅಪವಾದವಿದೆ; ಅಪವಾದವಿರುವುದರಿಂದ ಉತ್ಸರ್ಗ ದುರ್ಬಲವಾಗುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಠಾಣೆಯಲ್ಲಿ ವೇಳೆ ನಮೂದಿಸಿದ ಚೀಟಿ ಕೊಡುವುದೂ ಇದೇ ನ್ಯಾಯದಿಂದ: ದಾಟು, ತಂಗಬೇಡ. ಆದರೆ ಪೂರ್ವಪಕ್ಷಿಯ ಹೇತುವು ಎಲ್ಲ ರಸ್ತೆಗಳಿಗೂ ಸಮಾನವಾಗಿ ಅನ್ವಯಿಸುವುದಿಲ್ಲ. ಇಕ್ಕಟ್ಟಾದ ಘಾಟಿಯ ಮೇಲೆ ಹಲವೆಡೆ ಎರಡೂ ಬದಿಯ ಕೊಂಬೆಗಳು ಕೂಡಿರುತ್ತವೆ. ಅಗಲವಾದ ರಸ್ತೆಯಲ್ಲಿ ಆ ಸೇತುವೆ ಇಲ್ಲ. ಹಿಂಸೆಯ ಪ್ರಮಾಣವು ಅಗಲವನ್ನೂ ವೇಗವನ್ನೂ ಅನುಸರಿಸುತ್ತದೆ. ಅವೆರಡೂ ಗಿರಿಶೇಷತ್ವ ಕಳೆದುಕೊಂಡಷ್ಟೂ ಹೆಚ್ಚುವಂಥವು.

ಕೊನೆಯದು ಅಭಿವೃದ್ಧಿಪಕ್ಷ: ರಸ್ತೆಯನ್ನು ಅಗಲ ಮಾಡಿದರೆ ಸುರಕ್ಷತೆಯೂ ಬರುತ್ತದೆ, ದೃಶ್ಯವೂ ವಿಸ್ತಾರವಾಗಿ ಕಾಣುತ್ತದೆ; ತಿರುವುಗಳು ಅಜ್ಞಾನಕಾಲದ ಅವಶೇಷ. ಸುರಕ್ಷತೆಯ ಹೇತು ಅಸಿದ್ಧ. ಸಹ್ಯಾದ್ರಿಯ ಬಂಡೆಯ ಮೇಲೆ ಶಿಥಿಲಗೊಂಡ ಮಣ್ಣಿನ ದಪ್ಪ ಹೊದಿಕೆಯಿದೆ. ಅದರ ಕಾಲನ್ನು ನೇರವಾಗಿ ಕಡಿದು ಧರೆ ನಿಲ್ಲಿಸಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಜಡಿಮಳೆಯಲ್ಲಿ ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಏರಿ ಹಿಡಿತ ಕಳೆಯುತ್ತದೆ. ಆಮೇಲೆ ಗುಡ್ಡ ತನ್ನ ಇಳಿಜಾರನ್ನು ತಾನೇ ಮರಳಿ ಪಡೆಯುತ್ತದೆ. 2018ರ ಆಗಸ್ಟಿನಲ್ಲಿ ಸಂಪಾಜೆಯ ಹಾದಿಯ ಜೋಡುಪಾಲದಲ್ಲಿಯೂ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿಯೂ ಗುಡ್ಡ ಜರಿಯಿತು. ಅವು ಅಗಲಗೊಂಡ ರಸ್ತೆಗಳಲ್ಲವಲ್ಲ ಎಂದರೆ, ಸರಿ. ಕಿರಿದಾಗಿ ಕಡಿದರೂ ಜರಿಯುವ ಮಣ್ಣನ್ನು ಅಗಲವಾಗಿ ಕಡಿಯಬೇಕೆಂಬ ವಾದಕ್ಕೆ ಅದರಿಂದ ಬಲ ಬರುವುದಿಲ್ಲ. ಅಂಕೋಲದ ಶಿರೂರಿನಲ್ಲಿ 2024ರ ಜುಲೈ 16ರಂದು ಕುಸಿದದ್ದು ಹೆದ್ದಾರಿಗಾಗಿ ಕಡಿದ ಗುಡ್ಡ. ದೃಶ್ಯವಿಸ್ತಾರದ ಹೇತುವಾದರೋ ವಿರುದ್ಧ: ಎಲ್ಲವೂ ಒಮ್ಮೆಲೇ ತೆರೆದಲ್ಲಿ ತೆರೆಯುವುದಕ್ಕೆ ಏನೂ ಉಳಿಯುವುದಿಲ್ಲ, ಎಂಬತ್ತರ ವೇಗದಲ್ಲಿ ಬೈನೆಮರವೂ ತಂತಿಕಂಬವೂ ಒಂದೇ.

ಹಾಗಾದರೆ ಮಂಗಳೂರು ಬಂದರಿನ ಸರಕು ಘಟ್ಟ ಹತ್ತುವುದು ಬೇಡವೇ? ಬೇಕು. ಇಲ್ಲಿ ವ್ಯವಸ್ಥಿತ ವಿಕಲ್ಪವೇ ಗತಿ. ನಿತ್ಯಕರ್ಮದಂತೆ ಹಗಲಿರುಳು ನಡೆಯಲೇಬೇಕಾದ ಸಂಚಾರಕ್ಕೆ ಒಂದು ಮಾರ್ಗ ನಿಯತವಾಗಿರಲಿ. ಶಿರಾಡಿ ಈಗಾಗಲೇ ಆ ಅಧಿಕಾರವನ್ನು ಹೊಂದಿದೆ, ಪಕ್ಕದಲ್ಲಿ ರೈಲೂ ಇದೆ. ಒಂದು ಘಾಟಿಗೆ ವಿಹಿತವಾದ ಅಗಲವನ್ನು ಎಲ್ಲ ಘಾಟಿಗಳಿಗೂ ಅತಿದೇಶ ಮಾಡುವುದಕ್ಕೆ ಪ್ರಮಾಣವಿಲ್ಲ. ಆಗುಂಬೆಗೆ ಸುರಂಗ ಬೇಕೆಂಬ ಮಾತು ಆಗಾಗ ಏಳುತ್ತದೆ; ಅದಕ್ಕೂ ಇದೇ ಉತ್ತರ. ಶಿರಾಡಿಯ ಧರೆಗೆ ಸರಿಯಾದ ಇಳಿಜಾರು, ಗೋಡೆ, ಚರಂಡಿ ಕೊಟ್ಟು ಅಲ್ಲಿ ಲಾರಿಗಳನ್ನು ಓಡಿಸಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು, ಅವುಗಳ ಮೇಲೆ ಓಡುವ ಮಿನಿ ಬಸ್ಸುಗಳ ಸಹಿತ, ಇರುವಷ್ಟೇ ಅಗಲದಲ್ಲಿ ಬಿಡಬೇಕು.